ಕಾವಲು ಕ್ಯಾಮೆರಾದಲ್ಲಿ ಕಾಡುಪ್ರಾಣಿ ನೋಡುವುದು: ಯಾವ ಬಗೆಯ ಕ್ಯಾಮೆರಾ ಸೈ, ಯಾವುದು ಬೇಡ

ಮನೆ ಸುತ್ತ ರಾತ್ರಿ ಹೊತ್ತು ಯಾವ ಪ್ರಾಣಿ ಬಂದು ಹೋಗುತ್ತದೆ ಎಂದು ನೋಡುವ ಆಸೆ ಹುಟ್ಟಿದವರ ಕಣ್ಣು ಮೊದಲು ಬೀಳುವುದು ಗೋಡೆಯ ಮೇಲೆ ಆಗಲೇ ಇರುವ ಸಿಸಿಟಿವಿ ಮೇಲೆ. ಅದರಲ್ಲಿ ಕೆಲಸ ಆಗುತ್ತದೆಯೇ? ಆಗುತ್ತದೆ, ಆದರೆ ಅದನ್ನು ಇದ್ದ ಹಾಗೇ ಬಿಟ್ಟರೆ ಅಲ್ಲ. ಕಾವಲು ಕ್ಯಾಮೆರಾ ತಯಾರಾಗಿರುವುದು ಐದಾರು ಅಡಿ ಎತ್ತರದ, ನಡೆದು ಬಂದು ಬಾಗಿಲ ಮುಂದೆ ನಿಲ್ಲುವ ಮನುಷ್ಯನನ್ನು ಹಿಡಿಯುವುದಕ್ಕೆ. ಅದನ್ನು ಕೂರಿಸುವ ಎತ್ತರ, ಲೆನ್ಸ್‌ನ ಅಗಲ, ರಾತ್ರಿಯ ಬೆಳಕು, ಅಲರ್ಟ್ ಕಳಿಸುವ ರೀತಿ ಎಲ್ಲವೂ ಆ ಲೆಕ್ಕಕ್ಕೆ ಹೊಂದಿಸಿದವು. ಒಂದು ಗೇಣು ಎತ್ತರದ, ಎರಡು ಸೆಕೆಂಡಿನಲ್ಲಿ ದಾಟಿಹೋಗುವ ಜೀವಿಗೆ ಆ ಲೆಕ್ಕ ಹೊಂದುವುದಿಲ್ಲ. ಮಾರುಕಟ್ಟೆಯಲ್ಲಿರುವ ಮೂರು ಬಗೆಯ ಕ್ಯಾಮೆರಾಗಳನ್ನು ಇಲ್ಲಿ ಈ ಒಂದೇ ಕೆಲಸದ ಒರೆಗೆ ಹಚ್ಚಿದೆ: ಬ್ಯಾಟರಿಯ ವೈ-ಫೈ ಕ್ಯಾಮೆರಾ, ಕೇಬಲ್‌ನಲ್ಲೇ ವಿದ್ಯುತ್ತನ್ನೂ ಪಡೆಯುವ ಪಿಒಇ ಕ್ಯಾಮೆರಾ, ಮರಕ್ಕೆ ಕಟ್ಟುವ ಟ್ರೇಲ್ ಕ್ಯಾಮೆರಾ.

ತೀರ್ಪು ಮೊದಲೇ ಹೇಳಿಬಿಡೋಣ. ಕೇಬಲ್ ಎಳೆಯಲು ಆಗುವ ಜಾಗಕ್ಕೆ ಪಿಒಇ ಕ್ಯಾಮೆರಾ, ಜೊತೆಗೆ ಹಗಲೂ ರಾತ್ರಿ ಬಿಡದೆ ದಾಖಲಿಸುವ ರೆಕಾರ್ಡರ್. ಕೇಬಲ್ ಮುಟ್ಟದ ಜಾಗಕ್ಕೆ ಟ್ರೇಲ್ ಕ್ಯಾಮೆರಾ. ಬ್ಯಾಟರಿಯ ವೈ-ಫೈ ಕ್ಯಾಮೆರಾ ಈ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಒದಗುತ್ತದೆ.

ಬ್ಯಾಟರಿ ಕ್ಯಾಮೆರಾ: ಬಾಲ ಮಾತ್ರ ಸಿಗುವುದೇಕೆ

ಬ್ಯಾಟರಿ ಉಳಿಸಲು ಈ ಕ್ಯಾಮೆರಾ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಅದನ್ನು ಎಬ್ಬಿಸುವುದು ಪಿಐಆರ್ ಎಂಬ ಪುಟ್ಟ ಶಾಖ ಸೆನ್ಸರ್. ಎದ್ದು, ಚಿತ್ರದ ಸೆನ್ಸರ್ ಚಾಲೂ ಆಗಿ, ಬೆಳಕಿನ ಮಟ್ಟ ಹೊಂದಿಸಿಕೊಂಡು ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಒಂದು ಸೆಕೆಂಡೋ ಅದಕ್ಕಿಂತ ಹೆಚ್ಚೋ ಕಳೆದಿರುತ್ತದೆ. ಮನುಷ್ಯನಾದರೆ ಅಷ್ಟರಲ್ಲಿ ಎರಡು ಹೆಜ್ಜೆ ಇಟ್ಟಿರುತ್ತಾನೆ. ಓಡುವ ಪ್ರಾಣಿಯಾದರೆ ಚೌಕಟ್ಟಿನ ಅಂಚಿನಲ್ಲಿ ಬಾಲ ಮಾತ್ರ ಉಳಿದಿರುತ್ತದೆ.

ಪಿಐಆರ್ ಕೆಲಸ ಮಾಡುವ ರೀತಿ ತಿಳಿದರೆ ಉಳಿದ ತೊಂದರೆಗಳೂ ಅರ್ಥವಾಗುತ್ತವೆ. ಅದು ಚಿತ್ರ ನೋಡುವುದಿಲ್ಲ. ಸುಮಾರು 8ರಿಂದ 14 ಮೈಕ್ರೊಮೀಟರ್ ತರಂಗಾಂತರದ ಶಾಖದಲ್ಲಿ ಆಗುವ ಬದಲಾವಣೆಯನ್ನಷ್ಟೇ ಗಮನಿಸುತ್ತದೆ. ಮುಂದಿರುವ ಹಾಲುಬಿಳುಪಿನ ಪ್ಲಾಸ್ಟಿಕ್ ಗುಮ್ಮಟವೇ ಫ್ರೆನೆಲ್ ಲೆನ್ಸ್, ಅದು ಎದುರಿನ ಜಾಗವನ್ನು ಪಟ್ಟಿಪಟ್ಟಿಯಾಗಿ ಹಂಚುತ್ತದೆ. ಬೆಚ್ಚಗಿನ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸೆನ್ಸರ್ ಎಚ್ಚೆತ್ತುಕೊಳ್ಳುತ್ತದೆ. ಹಾಗಾಗಿ ಅಡ್ಡಲಾಗಿ ಹೋಗುವ ಪ್ರಾಣಿ ಬೇಗ ಸಿಗುತ್ತದೆ, ಕ್ಯಾಮೆರಾದ ಕಡೆಗೆ ನೇರ ಬರುವ ಪ್ರಾಣಿ ತೀರ ಹತ್ತಿರ ಬರುವವರೆಗೂ ಸಿಗುವುದಿಲ್ಲ. ನೆಲ ಬಿಸಿಯಾಗಿರುವ ಸೆಕೆಯ ರಾತ್ರಿಗಳಲ್ಲಿ ಪ್ರಾಣಿಯ ಮೈಗೂ ಹಿನ್ನೆಲೆಗೂ ಶಾಖದ ವ್ಯತ್ಯಾಸ ಕಡಿಮೆ, ಆಗ ಸೆನ್ಸರ್ ಮಂಕಾಗುತ್ತದೆ. ಹಾವು, ಕಪ್ಪೆ, ಹಲ್ಲಿಗಳ ಮೈ ಸುತ್ತಲಿನಷ್ಟೇ ಬಿಸಿ ಇರುವುದರಿಂದ ಅವನ್ನು ಪಿಐಆರ್ ಕಾಣುವುದೇ ಇಲ್ಲ ಎನ್ನಬಹುದು. ಕಿಟಕಿಯ ಗಾಜು ಈ ಶಾಖವನ್ನು ತಡೆಯುತ್ತದೆ, ಆದ್ದರಿಂದ ಬ್ಯಾಟರಿ ಕ್ಯಾಮೆರಾವನ್ನು ಒಳಗಿಟ್ಟು ಕಿಟಕಿಯಿಂದಾಚೆ ತಿರುಗಿಸಿದರೆ ಏನೂ ದಾಖಲಾಗುವುದಿಲ್ಲ.

ಡಬ್ಬಿಯ ಮೇಲೆ ಬರೆದಿರುವ ‘10 ಮೀಟರ್ ಪತ್ತೆ’ ಮನುಷ್ಯನ ಗಾತ್ರದ ಮೈಗೆ ಹೇಳಿದ ಮಾತು. ಬೆಕ್ಕಿನ ಗಾತ್ರದ ಪ್ರಾಣಿಗೆ ಅದರ ಅರ್ಧವನ್ನೂ ನಂಬಬೇಡಿ. ಇಲಿಗೆ ಎರಡು ಮೀಟರ್ ಸಿಕ್ಕರೆ ಪುಣ್ಯ.

ಇರುವುದು ಇದೇ ಕ್ಯಾಮೆರಾ ಎಂದಾದರೆ ಅದರಿಂದ ಆದಷ್ಟು ಕೆಲಸ ತೆಗೆಯಬಹುದು. ಪ್ರಾಣಿ ಓಡಾಡುವ ಜಾಡಿಗೆ ಅಡ್ಡಲಾಗಿ, ಮೂರು ಮೀಟರ್ ಒಳಗೆ ಕೂರಿಸಿ. ಸೂಕ್ಷ್ಮತೆಯನ್ನು ಗರಿಷ್ಠಕ್ಕೆ ಏರಿಸಿ. ‘ಮನುಷ್ಯ ಮಾತ್ರ’ ಎಂಬ ಫಿಲ್ಟರ್ ಆಫ್ ಮಾಡಿ. ಅದು ಚಾಲೂ ಇದ್ದರೆ ಕೆಲವು ಆ್ಯಪ್‌ಗಳು ಪ್ರಾಣಿಯ ಕ್ಲಿಪ್ ಉಳಿಸುವುದೇ ಇಲ್ಲ. ಒಂದು ಕ್ಲಿಪ್ ಮುಗಿದ ಮೇಲೆ ಮುಂದಿನದಕ್ಕೆ ಕಾಯುವ ವಿರಾಮವನ್ನು ಶೂನ್ಯಕ್ಕೋ ಅತಿ ಕಡಿಮೆಗೋ ಇಳಿಸಿ. ತಾಯಿ ಹಿಂದೆ ಮರಿಗಳು ಸಾಲಾಗಿ ಹೋಗುವಾಗ ಆ ವಿರಾಮದಲ್ಲೇ ಮರಿಗಳೆಲ್ಲ ದಾಟಿಬಿಡುತ್ತವೆ. ಸೈರನ್ ಮತ್ತು ಸ್ಪಾಟ್‌ಲೈಟ್ ಎರಡನ್ನೂ ಆಫ್ ಮಾಡುವುದನ್ನು ಮರೆಯಬೇಡಿ. ರಾತ್ರಿ ಮೇಯಲು ಬಂದ ಪ್ರಾಣಿಯ ಮೇಲೆ ದಿಢೀರನೆ ಬಿಳಿ ದೀಪ ಬಿದ್ದರೆ ಅದು ಆ ದಾರಿಯನ್ನೇ ಬಿಡಬಹುದು.

ಸೋಲಾರ್ ಫಲಕ ಜೋಡಿಸಿದರೆ ಚಾರ್ಜಿಂಗ್ ಚಿಂತೆ ತಪ್ಪುತ್ತದೆ, ಆದರೆ ಪ್ರಾಣಿ ಬರುವುದು ನೆರಳಿನ ಜಾಗಕ್ಕೆ. ಫಲಕದ ತಂತಿ ಉದ್ದವಿರುವುದನ್ನು ಕೊಂಡು ಫಲಕವನ್ನು ಬಿಸಿಲಲ್ಲಿ, ಕ್ಯಾಮೆರಾವನ್ನು ನೆರಳಲ್ಲಿ ಇಡಬೇಕು. ಹಿಮ ಬೀಳುವ ಊರುಗಳವರಿಗೆ ಇನ್ನೊಂದು ಮಾತು: ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಾಗಾಗಿ ಒಳ್ಳೆಯ ಕ್ಯಾಮೆರಾಗಳು ಆಗ ಚಾರ್ಜಿಂಗನ್ನು ತಾವೇ ನಿಲ್ಲಿಸುತ್ತವೆ. ಬಿಸಿಲಿದ್ದರೂ ಬ್ಯಾಟರಿ ಇಳಿಯುತ್ತಾ ಹೋದರೆ ಫಲಕ ಕೆಟ್ಟಿದೆ ಎಂದುಕೊಳ್ಳಬೇಡಿ.

ವೈ-ಫೈ ಬಗ್ಗೆ ಒಂದೇ ಮಾತು. ದೂರಕ್ಕೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ವಾಸಿ. ಕ್ಯಾಮೆರಾ ಇಡುವ ಜಾಗದಲ್ಲಿ ಸಿಗ್ನಲ್ ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸಿನಲ್ಲಿ ಇರಲಿ. ಮೈನಸ್ 75ಕ್ಕಿಂತ ಕುಸಿದರೆ ಮಳೆಯಲ್ಲಿ ನೆನೆದ ಎಲೆಗಳು ಅಡ್ಡ ಬಂದ ದಿನ ಸಂಪರ್ಕ ಕಡಿಯುತ್ತದೆ.

ಪಿಒಇ ಕ್ಯಾಮೆರಾ: ಕೆಲಸ ಜಾಸ್ತಿ, ಫಲವೂ ಜಾಸ್ತಿ

ಈ ಬಗೆಯ ದೊಡ್ಡ ಗುಣ, ಅದು ಮಲಗುವುದೇ ಇಲ್ಲ. ಪ್ರಾಣಿ ಬಂದದ್ದನ್ನು ಸಾಫ್ಟ್‌ವೇರ್ ಗುರುತಿಸದೇ ಹೋದರೂ ದೃಶ್ಯ ಡಿಸ್ಕ್‌ನಲ್ಲಿ ಇರುತ್ತದೆ. ಮುಂಜಾನೆ ಮಣ್ಣಲ್ಲಿ ಹೆಜ್ಜೆಗುರುತು ಕಂಡರೆ ರಾತ್ರಿಯನ್ನು ಹದಿನಾರು ಪಟ್ಟು ವೇಗದಲ್ಲಿ ಓಡಿಸಿ ಹುಡುಕಬಹುದು. ಹಾವು, ಕಪ್ಪೆ, ಬಾವಲಿ, ಗೂಬೆ, ಯಾವುದಕ್ಕೂ ಶಾಖ ಸೆನ್ಸರ್‌ನ ಹಂಗಿಲ್ಲ. ಇದೊಂದು ಕಾರಣಕ್ಕೇ ಇದಕ್ಕೆ ಮೊದಲ ಸ್ಥಾನ.

ಡಿಸ್ಕ್ ಲೆಕ್ಕ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 43 ಗಿಗಾಬೈಟ್. 1 ಟೆರಾಬೈಟ್ ಡಿಸ್ಕ್‌ನಲ್ಲಿ ಸುಮಾರು 23 ದಿನದ ದೃಶ್ಯ ಹಿಡಿಯುತ್ತದೆ, ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ರೆಕಾರ್ಡರ್ ಬೇಡವೆಂದು ಕ್ಯಾಮೆರಾದೊಳಗೆ 128 ಗಿಗಾಬೈಟ್ ಮೈಕ್ರೊಎಸ್‌ಡಿ ಹಾಕಿದರೆ ಅದೇ ಲೆಕ್ಕದಲ್ಲಿ ಮೂರು ದಿನಕ್ಕೂ ತುಸು ಕಡಿಮೆ. ಕಾರ್ಡ್ ಹಾಕುವುದಾದರೆ ‘ಹೈ ಎಂಡ್ಯೂರೆನ್ಸ್’ ಎಂದು ಬರೆದಿರುವುದನ್ನೇ ಹಾಕಿ, ಫೋನಿಗೆ ಹಾಕುವ ಕಾರ್ಡ್ ಬಿಡದೆ ಬರೆಯುವ ಕೆಲಸಕ್ಕೆ ತಾಳಿಕೆ ಬರುವುದಿಲ್ಲ.

ಕೇಬಲ್ ವಿಷಯದಲ್ಲಿ ಉಳಿತಾಯ ಮಾಡಲು ಹೋಗಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ಬೇಕಾದದ್ದು ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್, ಹೊರಾಂಗಣಕ್ಕೆ ತಕ್ಕ ಹೊದಿಕೆಯದು, ಒಳಗಿನ ತಂತಿ ಪೂರ್ತಿ ತಾಮ್ರದ್ದು. ‘ಸಿಸಿಎ’ ಎಂದು ಬರೆದಿದ್ದರೆ ಅದು ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ತಂತಿ. ಉದ್ದ ಹೆಚ್ಚಾದಂತೆ ವೋಲ್ಟೇಜ್ ಬಿದ್ದು, ಹಗಲೆಲ್ಲ ಸರಿಯಿದ್ದ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತುವ ಕ್ಷಣಕ್ಕೆ ರೀಸ್ಟಾರ್ಟ್ ಆಗುತ್ತದೆ. ಕ್ಯಾಮೆರಾ ರಾತ್ರಿ ಮಾತ್ರ ಆಫ್ ಆಗಿ ಆನ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. 802.3ಎಎಫ್ ಎಂಬ ಪಿಒಇ ಪ್ರಮಾಣದ ನೆಟ್‌ವರ್ಕ್ ಸ್ವಿಚ್ ಒಂದು ಪೋರ್ಟ್‌ಗೆ 15.4 ವಾಟ್ ಕೊಡುತ್ತದೆ, ತುದಿಯಲ್ಲಿ ಕ್ಯಾಮೆರಾಕ್ಕೆ ಖಾತ್ರಿ ಸಿಗುವುದು 12.95 ವಾಟ್. ಸ್ಥಿರ ಲೆನ್ಸ್‌ನ ಕ್ಯಾಮೆರಾಗೆ ಇಷ್ಟು ಧಾರಾಳ, ತಿರುಗುವ ಪಿಟಿಝಡ್‌ಗೆ ಸಾಲದೆ ಹೋಗಬಹುದು. ಒಂದೇ ಎಳೆಯಲ್ಲಿ 100 ಮೀಟರ್‌ವರೆಗೆ ಹೋಗಬಹುದು.

ಕ್ಯಾಮೆರಾದಿಂದ ಹೊರಬರುವ ತಂತಿಯ ತುದಿಯ ಆರ್‌ಜೆ45 (ನೆಟ್‌ವರ್ಕ್ ಪ್ಲಗ್) ಜೋಡಣೆ ನೀರಿಗೆ ಮೊದಲ ಬಲಿ. ಜೊತೆಗೆ ಬರುವ ರಬ್ಬರ್ ಬಿರಡೆಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಪ್ಲಗ್ ಅನ್ನು ಕೇಬಲ್ ತುದಿಗೆ ಒತ್ತಿ ಕೂರಿಸುವ (ಕ್ರಿಂಪ್ ಮಾಡುವ) ಮೊದಲೇ ಅದನ್ನು ಕೇಬಲ್‌ಗೆ ಪೋಣಿಸಿಕೊಳ್ಳಬೇಕು. ಪಿನ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಗೊಡದ, ತೇವ ತಡೆಯುವ ಗ್ರೀಸ್) ತೆಳುವಾಗಿ ಹಚ್ಚಿ, ಜೋಡಣೆಯನ್ನು ಜಂಕ್ಷನ್ ಬಾಕ್ಸ್ ಒಳಗಿಡಿ, ಕೇಬಲ್ ಬಾಕ್ಸ್‌ಗೆ ಹೋಗುವ ಮೊದಲು ಕೆಳಗೆ ಬಳುಕಿ ಮೇಲೇರುವಂತೆ ಬಿಡಿ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಮನೆಯಿಂದ ದೂರದ ಕಂಬಕ್ಕೆ ಎಳೆದ ಕೇಬಲ್ ಸಿಡಿಲಿಗೆ ದಾರಿ. ಮನೆಯೊಳಗೆ ಬರುವ ಜಾಗದಲ್ಲಿ ಪಿಒಇಗೆಂದೇ ಇರುವ ಸರ್ಜ್ ಪ್ರೊಟೆಕ್ಟರ್ ಹಾಕಿ ಅದನ್ನು ಸರಿಯಾಗಿ ಅರ್ಥಿಂಗ್ ಮಾಡಿಸಬೇಕು. ಅರ್ಥಿಂಗ್ ಇಲ್ಲದ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ.

ಇಲಿ, ಅಳಿಲು ಕೇಬಲ್ ಕಡಿಯುತ್ತವೆ. ನೆಲಮಟ್ಟದಿಂದ ಒಂದು ಮೀಟರ್‌ವರೆಗೆ ಲೋಹದ ಪೈಪಿನೊಳಗೆ ತೂರಿಸಿ.

ಎತ್ತರ ಮತ್ತು ಲೆನ್ಸ್

ಕಾವಲಿಗೆ ಕ್ಯಾಮೆರಾ ಇಡುವುದು ಎರಡೂವರೆ ಮೂರು ಮೀಟರ್ ಎತ್ತರದಲ್ಲಿ. ಅಲ್ಲಿಂದ ಕಾಣುವುದು ಪ್ರಾಣಿಯ ಬೆನ್ನು ಮಾತ್ರ. ಬೆನ್ನು ನೋಡಿ ಯಾವ ಪ್ರಾಣಿ ಎಂದು ಹೇಳುವುದು ಪಳಗಿದವರಿಗೂ ಕಷ್ಟ. ನೆಲದಿಂದ 30ರಿಂದ 60 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ ನೋಡಿ: ಮುಖ, ಕಿವಿಯ ಆಕಾರ, ಕಾಲಿನ ಉದ್ದ, ಬಾಲ ಹಿಡಿದಿರುವ ರೀತಿ, ಎಲ್ಲ ಒಮ್ಮೆಗೇ ಸಿಗುತ್ತವೆ. ದುಡ್ಡು ಖರ್ಚಿಲ್ಲದ ಈ ಒಂದು ಬದಲಾವಣೆ, ದುಬಾರಿ ಕ್ಯಾಮೆರಾ ಕೊಂಡಿದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕಳ್ಳರ ಭಯವಿದ್ದರೆ ಕಾವಲಿನ ಕ್ಯಾಮೆರಾ ಮೇಲೆಯೇ ಇರಲಿ, ಪ್ರಾಣಿಗಳಿಗೆಂದು ಇನ್ನೊಂದು ಕೆಳಗಿರಲಿ. ಎರಡೂ ಕೆಲಸವನ್ನು ಒಂದೇ ಕ್ಯಾಮೆರಾದಿಂದ ಮಾಡಿಸಹೊರಟರೆ ಎರಡೂ ಅರೆಬರೆ.

ಲೆನ್ಸ್ ಆರಿಸುವಾಗ ಅಗಲದ ಆಸೆಗೆ ಬೀಳಬೇಡಿ. ಸಾಮಾನ್ಯವಾಗಿ ಸಿಗುವ 2.8 ಮಿ.ಮೀ. ಲೆನ್ಸ್ ಸುಮಾರು 105 ಡಿಗ್ರಿ ನೋಡುತ್ತದೆ. ಐದು ಮೀಟರ್ ದೂರದಲ್ಲಿ ಅದು 13 ಮೀಟರ್ ಅಗಲದ ದೃಶ್ಯ. 4 ಮೆಗಾಪಿಕ್ಸೆಲ್ ಕ್ಯಾಮೆರಾದ 2560 ಪಿಕ್ಸೆಲ್ ಅಷ್ಟಗಲಕ್ಕೆ ಹಂಚಿಹೋದರೆ 40 ಸೆಂಟಿಮೀಟರ್ ಉದ್ದದ ಪ್ರಾಣಿಯ ಪಾಲಿಗೆ ಬರುವುದು 80 ಪಿಕ್ಸೆಲ್ ಅಷ್ಟೇ. 6 ಮಿ.ಮೀ. ಲೆನ್ಸ್ ಹಾಕಿದರೆ ಅದೇ ದೂರದಲ್ಲಿ ದೃಶ್ಯ ಐದು ಮೀಟರ್ ಅಗಲಕ್ಕೆ ಕುಗ್ಗುತ್ತದೆ, ಪ್ರಾಣಿಗೆ 200ಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಬೇಲಿಯ ಕಿಂಡಿ, ನೀರಿನ ತಟ್ಟೆ, ಬಿಲದ ಬಾಯಿ ಮುಂತಾದ ಖಚಿತ ಜಾಗಗಳಿಗೆ 6 ಮಿ.ಮೀ. ಅಥವಾ ವೇರಿಫೋಕಲ್ (ನೋಟದ ಅಗಲ ಹಿಗ್ಗಿಸಿ ಕುಗ್ಗಿಸಬಹುದಾದ) ಲೆನ್ಸ್. ಪ್ರಾಣಿ ಎಲ್ಲಿಂದ ಬರುತ್ತದೆ ಎಂದೇ ಇನ್ನೂ ತಿಳಿಯದಿದ್ದರೆ ಮೊದಲ ಕೆಲವು ವಾರ ಅಗಲದ ಲೆನ್ಸ್, ದಾರಿ ತಿಳಿದ ಮೇಲೆ ಕಿರಿದಾದದ್ದು.

ಕ್ಯಾಮೆರಾದ ಮುಖ ಸೂರ್ಯನಿಗೆ ಎದುರಾಗದಿರಲಿ. ಭೂಮಧ್ಯರೇಖೆಯ ಉತ್ತರಕ್ಕಿರುವವರು ಉತ್ತರಕ್ಕೆ, ದಕ್ಷಿಣಕ್ಕಿರುವವರು ದಕ್ಷಿಣಕ್ಕೆ ಮುಖ ಮಾಡಿಸಿದರೆ ಬಹುಪಾಲು ನಿಶ್ಚಿಂತೆ. ಮರಕ್ಕೆ ಕಟ್ಟಿದರೆ ಗಾಳಿಗೆ ಮರ ತೂಗಿ ಇಡೀ ದೃಶ್ಯವೇ ಅಲುಗಾಡುತ್ತದೆ, ಸಾಫ್ಟ್‌ವೇರ್ ಅದನ್ನೆಲ್ಲ ಚಲನೆ ಎಂದೇ ಬರೆದುಕೊಳ್ಳುತ್ತದೆ. ದಪ್ಪ ಕಾಂಡವೋ ಗೋಡೆಯೋ ನೆಟ್ಟ ಕಂಬವೋ ಆಗಬೇಕು.

ಕೂರಿಸಿದ ದಿನವೇ ಒಂದು ಕೆಲಸ ಮಾಡಿಡಿ. ಹತ್ತು ಸೆಂಟಿಮೀಟರ್‌ಗೊಂದು ಗೆರೆ ಎಳೆದ ಒಂದು ಮೀಟರ್ ಕೋಲನ್ನು ಪ್ರಾಣಿ ದಾಟುವ ಜಾಗದಲ್ಲಿ ನಿಲ್ಲಿಸಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಎರಡು, ಮೂರು, ಐದು ಮೀಟರ್ ದೂರದಲ್ಲಿ ಒಂದೊಂದು ಚಿತ್ರ. ಮುಂದೆ ಗುರುತು ಸಿಗದ ಪ್ರಾಣಿ ಬಂದಾಗ ಆ ಚಿತ್ರದ ಪಕ್ಕ ಇಟ್ಟು ಭುಜದ ಎತ್ತರ ಅಳೆಯಬಹುದು. ರಾತ್ರಿಯ ದೃಶ್ಯದಲ್ಲಿ ಗಾತ್ರದ ಅಂದಾಜು ಮೋಸ ಮಾಡುವಷ್ಟು ಬೇರಾವುದೂ ಮಾಡುವುದಿಲ್ಲ. ಹತ್ತಿರ ಬಂದ ಮನೆಬೆಕ್ಕು ದೊಡ್ಡ ಕಾಡುಬೆಕ್ಕಿನಂತೆ ಕಂಡು ಅಕ್ಕಪಕ್ಕದಲ್ಲೆಲ್ಲ ಗಾಬರಿ ಹುಟ್ಟಿಸುವುದುಂಟು.

ರಾತ್ರಿಯ ಬೆಳಕು: ಗೆಲ್ಲುವುದೂ ಸೋಲುವುದೂ ಇಲ್ಲೇ

ಇನ್‌ಫ್ರಾರೆಡ್ ದೀಪಗಳು ಎರಡು ಬಗೆ. 850 ನ್ಯಾನೊಮೀಟರ್‌ನದು ದೂರ ಮುಟ್ಟುತ್ತದೆ, ಆದರೆ ಎಲ್‌ಇಡಿ ಮಂದವಾಗಿ ಕೆಂಪಗೆ ಹೊಳೆಯುವುದು ಕಾಣುತ್ತದೆ. 940 ನ್ಯಾನೊಮೀಟರ್‌ನದು ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಆ ಬೆಳಕಿಗೆ ಅಷ್ಟು ಸ್ಪಂದಿಸುವುದಿಲ್ಲವಾದ್ದರಿಂದ ವ್ಯಾಪ್ತಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆಲವು ಪ್ರಾಣಿಗಳು ಆ ಕೆಂಪು ಚುಕ್ಕೆಯನ್ನು ಗಮನಿಸಿ ನಿಂತು ನೋಡುತ್ತವೆ, ಬಹುತೇಕವು ಒಂದೆರಡು ವಾರಕ್ಕೆ ಒಗ್ಗಿಕೊಳ್ಳುತ್ತವೆ. ಬಿಲದ ಬಾಯಿಗೆ, ಗೂಡಿನ ಹತ್ತಿರಕ್ಕೆ 940. ಉಳಿದೆಡೆ 850 ಸಾಕು.

ಈಗ ಜೇಡನ ವಿಷಯ. ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸ್ ಮುಂದೆಯೇ ಬಲೆ ಹೆಣೆಯುತ್ತದೆ. ಹಗಲಲ್ಲಿ ಕಾಣದ ಒಂದೇ ಒಂದು ಎಳೆ ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ದಪ್ಪ ಬಿಳಿ ಹಗ್ಗದಂತೆ ಹೊಳೆಯುತ್ತದೆ, ಗಾಳಿಗೆ ಅಲುಗಿದಾಗಲೆಲ್ಲ ಅಲರ್ಟ್. ಅದಕ್ಕಿಂತ ಕೆಟ್ಟದ್ದು, ಆ ಬಿಳುಪಿಗೆ ಹೊಂದಿಕೊಳ್ಳಲು ಕ್ಯಾಮೆರಾ ಇಡೀ ದೃಶ್ಯದ ಬೆಳಕು ತಗ್ಗಿಸಿ ಹಿಂದಿನ ಪ್ರಾಣಿಯನ್ನು ಕತ್ತಲಿಗೆ ತಳ್ಳುತ್ತದೆ. ಬಲೆ ಒರೆಸುತ್ತಾ ಕೂತರೆ ಮುಗಿಯುವ ಕೆಲಸವಲ್ಲ. ಶಾಶ್ವತ ಪರಿಹಾರ: ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ಪೂರ್ತಿ ಆರಿಸಿ, ಬೇರೆಯೇ ಒಂದು ಇನ್‌ಫ್ರಾರೆಡ್ ದೀಪವನ್ನು ಕನಿಷ್ಠ ಒಂದು ಮೀಟರ್ ಪಕ್ಕಕ್ಕೆ, ಸ್ವಲ್ಪ ಎತ್ತರದಲ್ಲಿ ಕೂರಿಸಿ. ಹುಳ, ಜೇಡ ಎರಡೂ ಆ ದೀಪದ ಬಳಿಗೆ ಹೋಗುತ್ತವೆ. ಇನ್ನೊಂದು ಲಾಭವೂ ಉಂಟು. ಬೆಳಕು ಪಕ್ಕದಿಂದ ಬಿದ್ದಾಗ ಪ್ರಾಣಿಯ ಮೈಯ ಉಬ್ಬುತಗ್ಗು ಕಾಣುತ್ತದೆ, ಕಣ್ಣು ಬಲ್ಬಿನಂತೆ ಉರಿಯುವುದು ಕಡಿಮೆಯಾಗುತ್ತದೆ, ಮಂಜು ಮತ್ತು ಮಳೆಹನಿ ಬಿಳಿ ಪರದೆ ಕಟ್ಟುವುದೂ ತಗ್ಗುತ್ತದೆ. ಪಿಒಇ ಕ್ಯಾಮೆರಾಗೆ ಬೇರೆ ದೀಪ ಜೋಡಿಸದವರು ಅದರ ಅರ್ಧ ಶಕ್ತಿಯನ್ನೂ ನೋಡಿಲ್ಲ ಎನ್ನಬೇಕು.

ಡೋಮ್ ಆಕಾರದ ಕ್ಯಾಮೆರಾ ಈ ಕೆಲಸಕ್ಕೆ ಬೇಡ. ಗುಮ್ಮಟದ ಮೇಲೆ ಧೂಳು, ಇಬ್ಬನಿ ಕೂತರೆ ಒಳಗಿನ ದೀಪ ಅಲ್ಲೇ ಪ್ರತಿಫಲಿಸಿ ದೃಶ್ಯ ಮಸುಕಾಗುತ್ತದೆ. ಟರೆಟ್ (ಗುಮ್ಮಟದ ಮುಚ್ಚಳವಿಲ್ಲದ ಗುಂಡು) ಅಥವಾ ಬುಲೆಟ್ (ಕೊಳವೆ) ಆಕಾರದ್ದು ಕೊಳ್ಳಿ. ಲೆನ್ಸ್‌ನ ಮುಂದೆ ಒಂದೆರಡು ಮೀಟರ್ ಒಳಗೆ ಹುಲ್ಲು, ಎಲೆ, ಗೋಡೆಯ ಅಂಚು ಬಾರದಂತೆ ಸವರಿ.

ನಂತರ ಸೆಟ್ಟಿಂಗ್. ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟರೆ ರಾತ್ರಿ ಶಟರ್ ವೇಗ 1/25 ಅಥವಾ 1/30 ಸೆಕೆಂಡಿಗೆ ಇಳಿಯುತ್ತದೆ. ನಿಂತ ವಸ್ತು ಚೊಕ್ಕಟವಾಗಿ ಕಾಣುತ್ತದೆ, ಓಡುವ ಪ್ರಾಣಿ ಮಾತ್ರ ಹೊಗೆಯಂತೆ. ಎಕ್ಸ್‌ಪೋಶರ್ (ಬೆಳಕಿನ ಹೊಂದಿಕೆ) ಅನ್ನು ಶಟರ್ ಆದ್ಯತೆಗೆ ಬದಲಿಸಿ 1/100ರ ಆಸುಪಾಸಿಗೆ ಕಟ್ಟಿಹಾಕಿ. ದೃಶ್ಯ ಕಪ್ಪಾದರೆ ಶಟರ್ ಇಳಿಸುವ ಬದಲು ದೀಪ ಹೆಚ್ಚಿಸಿ. ಸೊನ್ನೆಯಿಂದ 100ರ ಅಳತೆಯಿರುವ ಕ್ಯಾಮೆರಾಗಳಲ್ಲಿ ಗೇನ್‌ಗೆ (ಸೆನ್ಸರ್ ಸಂಕೇತವನ್ನು ಹಿಗ್ಗಿಸುವ ಮಟ್ಟ) 50ರ ಮಿತಿ ಹಾಕಿ. ನಾಯ್ಸ್ ರಿಡಕ್ಷನ್ 50 ಇದ್ದದ್ದನ್ನು 30-40ಕ್ಕೆ ಇಳಿಸಿ. ಅದು ಹಿಂದಿನ ಫ್ರೇಮ್‌ಗಳನ್ನು ಬೆರೆಸಿ ನುಣುಪು ಮಾಡುವುದರಿಂದ ಚಲಿಸುವ ಪ್ರಾಣಿಯ ಹಿಂದೆ ಭೂತದಂಥ ನೆರಳು ಬಿಡುತ್ತದೆ. ಸ್ವಲ್ಪ ಕಾಳುಕಾಳಾಗಿ ಕಂಡರೂ ಚಿಂತೆಯಿಲ್ಲ, ಮೈಮೇಲಿನ ಚುಕ್ಕೆ ಪಟ್ಟೆ ಉಳಿಯಬೇಕು.

ಬಿಳಿ ದೀಪ ಹೊತ್ತಿಸಿ ರಾತ್ರಿಯೂ ಬಣ್ಣದಲ್ಲಿ ತೋರಿಸುವ ಕ್ಯಾಮೆರಾಗಳಿಗೆ ಈಗ ಬೇಡಿಕೆ ಜೋರು. ವನ್ಯಜೀವಿಗೆ ಇವನ್ನು ಶಿಫಾರಸು ಮಾಡಲಾಗದು. ರಾತ್ರಿಯಿಡೀ ಬಿಳಿ ದೀಪ ನಿಶಾಚರಿಗಳಿಗೆ ತೊಂದರೆ, ಹುಳಗಳನ್ನೂ ರಾಶಿರಾಶಿ ಸೆಳೆಯುತ್ತದೆ. ಇನ್‌ಫ್ರಾರೆಡ್ ಇಲ್ಲದೆ ಬಿಳಿ ದೀಪವೊಂದನ್ನೇ ನಂಬಿದ ಮಾದರಿಯಾದರೆ, ಅದನ್ನು ಆರಿಸಿದ ಮೇಲೆ ಕತ್ತಲಲ್ಲಿ ಏನೂ ಕಾಣುವುದಿಲ್ಲ.

ಇನ್‌ಫ್ರಾರೆಡ್ ಚಿತ್ರ ಓದುವಾಗ ಬಣ್ಣವನ್ನು ನಂಬಬಾರದು. ಹಸಿರೆಲೆ ಬೆಳ್ಳಗೆ, ಕಂದು ತುಪ್ಪಳ ಬೂದಿಯಾಗಿ, ಕೆಲವು ಕಪ್ಪು ತುಪ್ಪಳವೂ ತಿಳಿಯಾಗಿ ಕಾಣುತ್ತವೆ. ಗುರುತು ಹಿಡಿಯಬೇಕಾದದ್ದು ನಡಿಗೆಯಿಂದ, ಮೈಕಟ್ಟಿನಿಂದ, ಬಾಲಕ್ಕೂ ಮೈಗೂ ಇರುವ ಅನುಪಾತದಿಂದ.

ಟ್ರೇಲ್ ಕ್ಯಾಮೆರಾ

ಇದು ಈ ಕೆಲಸಕ್ಕೆಂದೇ ಹುಟ್ಟಿದ್ದು. ಇದರಲ್ಲೂ ಪಿಐಆರ್‌ನ ಮಿತಿಗಳೆಲ್ಲ ಇವೆ, ಆದರೆ ಒಳ್ಳೆಯ ಮಾದರಿಗಳು 0.2ರಿಂದ 0.5 ಸೆಕೆಂಡಿನಲ್ಲಿ ಫೋಟೊ ಕ್ಲಿಕ್ಕಿಸುತ್ತವೆ. ವಿಡಿಯೊಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಜಾಹೀರಾತಿನಲ್ಲಿ ಹೇಳುವ ವೇಗ ಬಹುಪಾಲು ಫೋಟೊದ್ದು. ವೈ-ಫೈ, ಕೇಬಲ್ ಯಾವುದೂ ಬೇಡ. ಕೊರತೆಯೆಂದರೆ, ಮೊಬೈಲ್ ಜಾಲದಲ್ಲಿ ಫೋಟೊ ಕಳಿಸುವ ಮಾದರಿ ಅಲ್ಲದಿದ್ದರೆ, ಕಾರ್ಡ್ ತೆಗೆದು ನೋಡುವವರೆಗೆ ಏನು ಸಿಕ್ಕಿದೆ ಎಂದು ತಿಳಿಯದು. ಪದೇಪದೇ ಹೋಗಿ ನೋಡಿದರೆ ಮನುಷ್ಯರ ವಾಸನೆ ಬಿಟ್ಟು ಬಂದಂತಾಗುತ್ತದೆ.

ಸೆಲ್‌ಗಳಲ್ಲಿ 1.5 ವೋಲ್ಟ್‌ನ ಲಿಥಿಯಂ ಎಎ ಮೇಲು. ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುವುದರಿಂದ ಹಗಲಿನ ಫೋಟೊ ಚೆನ್ನಾಗಿ ಬರುತ್ತಿದ್ದರೂ ರಾತ್ರಿಯ ಫ್ಲ್ಯಾಶ್ ಮಂಕಾಗುತ್ತದೆ. ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳು 1.2 ವೋಲ್ಟ್‌ನವು, ಕೆಲವು ಕ್ಯಾಮೆರಾಗಳು ಪೂರ್ತಿ ಚಾರ್ಜ್ ಇದ್ದರೂ ಬ್ಯಾಟರಿ ಕಡಿಮೆ ಎಂದೇ ತೋರಿಸುತ್ತವೆ. ಹಳೆಯ, ಹೊಸ ಸೆಲ್ ಬೆರೆಸಿ ಹಾಕಬೇಡಿ.

ಸಾಫ್ಟ್‌ವೇರ್ ಏನು ಹಿಡಿಯುತ್ತದೆ, ಏನು ಬಿಡುತ್ತದೆ

ಕ್ಯಾಮೆರಾದೊಳಗಿನ ಎಐ ಹೆಚ್ಚಾಗಿ ಮನುಷ್ಯ ಮತ್ತು ವಾಹನಕ್ಕೆ ಸೀಮಿತ. ಕಂಪ್ಯೂಟರ್ ಇಟ್ಟುಕೊಂಡು ಕ್ಯಾಮೆರಾ ದೃಶ್ಯ ದಾಖಲಿಸಿ ಅದರಲ್ಲಿರುವುದನ್ನು ಗುರುತಿಸುವ ಫ್ರಿಗೇಟ್‌ನಂಥ ಮುಕ್ತ ತಂತ್ರಾಂಶ ನಡೆಸುವವರೂ ಒಂದು ಸಂಗತಿ ಗಮನಿಸಬೇಕು: ಬೇರೆ ಹೇಳದಿದ್ದರೆ ಅದು ಹುಡುಕುವುದು ಮನುಷ್ಯನನ್ನು ಮಾತ್ರ. ಪಟ್ಟಿಗೆ ಹಕ್ಕಿ, ಬೆಕ್ಕು, ನಾಯಿ ಎಂದು ನಾವೇ ಸೇರಿಸಬೇಕು. ಇಂಥ ಉಚಿತ ಮಾದರಿಗಳು ಬಹುಪಾಲು ಕೋಕೊ ಎಂಬ ಚಿತ್ರಸಂಗ್ರಹದ ಮೇಲೆ ಕಲಿತವು. ಅದರ 80 ವರ್ಗಗಳಲ್ಲಿ ಪ್ರಾಣಿಗಳು ಹತ್ತೇ: ಹಕ್ಕಿ, ಬೆಕ್ಕು, ನಾಯಿ, ಕುದುರೆ, ಕುರಿ, ಹಸು, ಆನೆ, ಕರಡಿ, ಜೀಬ್ರಾ, ಜಿರಾಫೆ. ನರಿ ಬಂದರೆ ನಾಯಿ ಎನ್ನುತ್ತದೆ, ಮುಂಗುಸಿಯೋ ಪುನುಗು ಬೆಕ್ಕೋ ಬಂದರೆ ಬೆಕ್ಕು ಎನ್ನುತ್ತದೆ, ಮುಳ್ಳುಹಂದಿಗೆ ಏನೆನ್ನುವುದೋ ಊಹಿಸಲಾಗದು. ಹೆಸರು ತಪ್ಪಾದರೂ ಕ್ಲಿಪ್ ಉಳಿಯುತ್ತದಲ್ಲ, ಅಷ್ಟು ಸಾಕು. ವಿಶ್ವಾಸದ ಮಿತಿಯನ್ನು (ಎಷ್ಟು ಖಚಿತವಾದರೆ ಗುರುತಿಸಿದೆ ಎನ್ನಬೇಕು ಎಂಬ ಅಂಕೆ) ಮನುಷ್ಯನಿಗೆ ಇಟ್ಟದ್ದಕ್ಕಿಂತ ಕೆಳಗಿಡಿ, ಕನಿಷ್ಠ ಗಾತ್ರವನ್ನೂ ಇಳಿಸಿ. ಟ್ರೇಲ್ ಕ್ಯಾಮೆರಾದ ಸಾವಿರಾರು ಫೋಟೊಗಳಲ್ಲಿ ಖಾಲಿಯವನ್ನು ಬೇರ್ಪಡಿಸಲು ಮೆಗಾಡಿಟೆಕ್ಟರ್ ಎಂಬ ಎಐ ಮಾದರಿ ಒಳ್ಳೆಯದು, ಉಚಿತ. ಅದು ಪ್ರಾಣಿ, ಮನುಷ್ಯ, ವಾಹನ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿ ಎಂದು ನಾವೇ ನೋಡಬೇಕು.

ಎಐ ಇಲ್ಲದ ಸಾಮಾನ್ಯ ಚಲನೆ ಪತ್ತೆ ಬಳಸುವುದಾದರೆ ಆಕಾಶ, ಮರದ ತುದಿ, ರಸ್ತೆಯ ಭಾಗ ಬಿಟ್ಟು ನೆಲವನ್ನಷ್ಟೇ ವಲಯವಾಗಿ ಗುರುತಿಸಿ. ಘಟನೆಗೆ ಮೊದಲಿನ 5ರಿಂದ 10 ಸೆಕೆಂಡ್, ನಂತರದ 15-20 ಸೆಕೆಂಡ್ ಉಳಿಸುವಂತೆ ಹೊಂದಿಸಿ. ಪ್ರಾಣಿ ಯಾವ ದಿಕ್ಕಿನಿಂದ ಬಂತು ಎಂಬುದು ಆ ಮೊದಲಿನ ಸೆಕೆಂಡುಗಳಲ್ಲೇ ಇರುತ್ತದೆ.

ಮೈಕ್ ಇರುವ ಕ್ಯಾಮೆರಾದಿಂದ ಹಕ್ಕಿಗಳ ಕೂಗನ್ನೂ ಗುರುತಿಸಬಹುದು. ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ರೂಪಿಸಿದ ಬರ್ಡ್‌ನೆಟ್ ಆಧಾರದ ತಂತ್ರಾಂಶಗಳಿಗೆ ಕ್ಯಾಮೆರಾ ಆರ್‌ಟಿಎಸ್‌ಪಿ (ದೃಶ್ಯ, ಧ್ವನಿಯನ್ನು ನೆಟ್‌ವರ್ಕ್‌ನಲ್ಲಿ ಹರಿಸುವ ವಿಧಾನ) ಮೂಲಕ ಕಳಿಸುವ ಧ್ವನಿಯನ್ನೇ ಉಣಿಸಬಹುದು. ಆದರೆ ಆಡಿಯೊ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಬರೆಯುವ ವಿಧಾನ) ಜಿ.711 ಇದ್ದರೆ ಪ್ರಯೋಜನವಿಲ್ಲ. ಅದು ಸೆಕೆಂಡಿಗೆ 8000 ಮಾದರಿ ಮಾತ್ರ ತೆಗೆದುಕೊಳ್ಳುವುದರಿಂದ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿ ಕತ್ತರಿಸಿ ಹೋಗುತ್ತದೆ, ಎಷ್ಟೋ ಹಕ್ಕಿಗಳ ಉಲಿ ಇರುವುದೇ ಅದರ ಮೇಲೆ. ಎಎಸಿ ಎಂಬ ಕೋಡೆಕ್ ಆಯ್ದು ಮಾದರಿ ದರವನ್ನು ಸಿಕ್ಕಷ್ಟು ಮೇಲೇರಿಸಿ. ಧ್ವನಿ ದಾಖಲಿಸುವಾಗ ಪಕ್ಕದ ಮನೆಯವರ ಮಾತು ಸೇರಿಕೊಳ್ಳದ ಜಾಗವನ್ನೇ ಆರಿಸಬೇಕು. ಹಲವು ಕಡೆ ಅದಕ್ಕೆ ಕಾನೂನಿನ ಅಡ್ಡಿಯೂ ಇದೆ.

ಗೂಡು ಮತ್ತು ನೀರಿನ ತಟ್ಟೆಯ ಹತ್ತಿರದ ದೃಶ್ಯ

ಸ್ಥಿರ ಲೆನ್ಸ್‌ನ ಕಾವಲು ಕ್ಯಾಮೆರಾ ಒಂದು ಮೀಟರ್‌ಗಿಂತ ಹತ್ತಿರದ್ದನ್ನು ಮಸುಕಾಗಿ ತೋರಿಸುತ್ತದೆ. ಲೆನ್ಸ್ ಬಿಚ್ಚಿ ತಿರುಗಿಸುವವರಿದ್ದಾರೆ, ಅಂಟು ಕಿತ್ತು ನೀರು ತಡೆಯುವ ಮುಚ್ಚಿಕೆ ಹಾಳಾಗುತ್ತದೆ, ವಾರಂಟಿಯೂ ಹೋಗುತ್ತದೆ. ಅದರ ಬದಲು ಪ್ಲಸ್ 2 ಡಯಾಪ್ಟರ್ ಪವರ್‌ನ (ಕನ್ನಡಕದ ನಂಬರ್‌ನಂಥ ಅಳತೆ) ಕ್ಲೋಸ್-ಅಪ್ ಗಾಜನ್ನು ಲೆನ್ಸ್ ಮುಂದೆ ಕೂರಿಸಿ. ಫೋಕಸ್ ಸುಮಾರು ಅರ್ಧ ಮೀಟರ್‌ಗೆ ಬರುತ್ತದೆ. ಪ್ಲಸ್ 3 ಆದರೆ 33 ಸೆಂಟಿಮೀಟರ್. ಗಾಜು ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಮುಂದೆ ಬಂದರೆ ಪ್ರತಿಫಲನ ಖಂಡಿತ, ಹಗಲಿನ ಬಳಕೆಗಷ್ಟೇ ಇಡಿ ಅಥವಾ ದೀಪ ಬೇರೆ ಮಾಡಿ.

ಗೂಡುಪೆಟ್ಟಿಗೆಯೊಳಗೆ ಕ್ಯಾಮೆರಾ ಕೂರಿಸುವುದಾದರೆ ಮೊಟ್ಟೆಯಿಡುವ ಕಾಲಕ್ಕೆ ಬಹಳ ಮೊದಲೇ ಕೂರಿಸಿ ಮುಗಿಸಬೇಕು. ಹಕ್ಕಿ ಬಂದ ಮೇಲೆ ಏನೇ ಕೆಟ್ಟರೂ ಪೆಟ್ಟಿಗೆ ತೆರೆಯಬಾರದು, ಆ ಋತುವಿನ ದೃಶ್ಯ ಹೋದರೆ ಹೋಗಲಿ. ಸ್ಟೇಟಸ್ ದೀಪ, ಸ್ಪೀಕರ್ ಆಫ್ ಆಗಿರಲಿ. ತಂತಿ ಮರಿಗಳ ಕಾಲಿಗೆ ಸಿಗದಂತೆ ಮುಚ್ಚಳದ ಒಳಮೈಗೆ ಅಂಟಿರಲಿ. ಗೂಡಿನ ವಿಡಿಯೊ ಹಂಚಿಕೊಳ್ಳುವಾಗ ಜಾಗದ ಗುರುತು ತಿಳಿಯುವ ಪರದೆಯ ಬರಹವನ್ನು ಕತ್ತರಿಸಿ ಹಾಕಿ.

ಕೊಳ್ಳುವ ಮೊದಲು ನೋಡಬೇಕಾದ್ದು

ಮೆಗಾಪಿಕ್ಸೆಲ್‌ಗಿಂತ ಸೆನ್ಸರ್ ಗಾತ್ರ ನೋಡಿ. 1/1.8 ಇಂಚಿನ ಸೆನ್ಸರ್ ಮೇಲಿನ 4 ಮೆಗಾಪಿಕ್ಸೆಲ್, 1/2.8 ಇಂಚಿನ ಮೇಲಿನ 8 ಮೆಗಾಪಿಕ್ಸೆಲ್‌ಗಿಂತ ರಾತ್ರಿ ಮೇಲು, ಏಕೆಂದರೆ ಒಂದೊಂದು ಪಿಕ್ಸೆಲ್‌ಗೂ ಹೆಚ್ಚು ಬೆಳಕು ಸಿಗುತ್ತದೆ. ‘0.001 ಲಕ್ಸ್‌ನಲ್ಲೂ ಬಣ್ಣ’ (ಲಕ್ಸ್ ಎಂದರೆ ಬೆಳಕಿನ ಅಳತೆ) ಎಂಬ ಸಂಖ್ಯೆಗೆ ಯಾವ ಶಟರ್‌ನಲ್ಲಿ, ಎಷ್ಟು ಗೇನ್‌ನಲ್ಲಿ ಎಂದು ಹೇಳದಿದ್ದರೆ ಬೆಲೆಯಿಲ್ಲ. ಒಎನ್‌ವಿಐಎಫ್ (ಬೇರೆ ಬೇರೆ ಕಂಪನಿಯ ಸಾಧನಗಳು ಒಟ್ಟಿಗೆ ಕೆಲಸ ಮಾಡಲು ಇರುವ ಪ್ರಮಾಣ) ಮತ್ತು ಆರ್‌ಟಿಎಸ್‌ಪಿ ಎರಡೂ ಇರಬೇಕು, ಇಲ್ಲದಿದ್ದರೆ ಆ ಕಂಪನಿಯ ಆ್ಯಪ್‌ಗೆ ಕಟ್ಟುಬೀಳುತ್ತೀರಿ. ಇನ್‌ಫ್ರಾರೆಡ್ ದೀಪ ಆರಿಸಿಯೂ ಕಪ್ಪು-ಬಿಳುಪು ರಾತ್ರಿ ಮೋಡ್‌ನಲ್ಲಿ ಉಳಿಯಲು ಬಿಡುತ್ತದೆಯೇ ಎಂದು ಕೈಪಿಡಿಯಲ್ಲಿ ಓದಿ. ಬಿಡದಿದ್ದರೆ ಹೊರಗಿನ ದೀಪದ ಉಪಾಯ ನಡೆಯುವುದಿಲ್ಲ. ಶಟರ್ ಕೈಯಾರೆ ಹೊಂದಿಸಲು ಬರುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ, ಅಗ್ಗದ ವೈ-ಫೈ ಮಾದರಿಗಳಲ್ಲಿ ಇದು ಇರುವುದು ಅಪರೂಪ. ಹೊರಗಿನಿಂದ ನೋಡಬೇಕೆಂದು ರೌಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ, ವಿಪಿಎನ್ (ಮನೆಯ ಜಾಲಕ್ಕೆ ಹೊರಗಿನಿಂದ ಇರುವ ಗುಪ್ತ ಸಂಪರ್ಕ) ಬಳಸಿ. ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ.

ಕೊಂಡ ಮೇಲೆ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ಒಂದಡಿ ಉದ್ದದ ರಟ್ಟಿನ ಡಬ್ಬಿಗೆ ಬೆರಳಗಲದ ಪಟ್ಟೆಗಳನ್ನು ಬಳಿದು ದಾರ ಕಟ್ಟಿ, ಪೂರ್ತಿ ಕತ್ತಲಾದ ಮೇಲೆ ಕ್ಯಾಮೆರಾದಿಂದ ಐದು ಮೀಟರ್ ದೂರದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿರುಸಾಗಿ ಎಳೆಸಿ. ರೆಕಾರ್ಡಿಂಗನ್ನು ನಡುವೆ ನಿಲ್ಲಿಸಿ ನೋಡಿದಾಗ ಪಟ್ಟೆ ಎಣಿಸಲು ಬರಬೇಕು. ಬಾರದಿದ್ದರೆ ಶಟರ್ ಏರಿಸಿ, ದೀಪ ಹತ್ತಿರ ತಂದು, ಮತ್ತೊಮ್ಮೆ ಎಳೆಸಿ. ಆಗಲೂ ಪಟ್ಟೆಗಳು ಒಂದರೊಳಗೊಂದು ಕಲಸಿಹೋಗಿದ್ದರೆ ಆ ಕ್ಯಾಮೆರಾವನ್ನು ವಾಪಸ್ ಕಳಿಸಿ.